ಸೈಟು ನೋಡಿದ್ದಾಯಿತು, ಮಾರುವವರನ್ನು ನೋಡಿದಿರಾ?

ಸೈಟು ಕೊಳ್ಳುವಾಗ ವಾಸ್ತು ನೋಡುತ್ತೇವೆ, ನೀರು ಬರುತ್ತಾ ಕೇಳುತ್ತೇವೆ, ರಸ್ತೆ ಎಷ್ಟು ಅಡಿ ಅಂತ ಹೆಜ್ಜೆ ಹಾಕಿ ಅಳೆಯುತ್ತೇವೆ. ಮಾರುವವರ ವಿಷಯದಲ್ಲಿ ಮಾತ್ರ ಬ್ರೋಕರ್ ಹೇಳಿದ್ದೇ ವೇದ. ‘ಪಾರ್ಟಿ ತುಂಬಾ ಒಳ್ಳೆಯವರು ಸಾರ್, ಇವತ್ತೇ ಟೋಕನ್ ಹಾಕಿಬಿಡಿ’ ಅಂದರೆ ಸಾಕು, ಕೈ ಜೇಬಿಗೆ ಹೋಗುತ್ತದೆ.

ನಾನೂ ಹಾಗೆ ಐವತ್ತು ಸಾವಿರ ಕೊಟ್ಟವನೇ. 30–40ರ ಸೈಟು, ಪತ್ರಗಳೆಲ್ಲ ಸರಿಯಾಗಿದ್ದವು, ಮಾರುವವರು ಮನೆಗೆ ಕರೆದು ಕಾಫಿ ಕೊಟ್ಟಿದ್ದರು. ವಾರದ ಮೇಲೆ ಸುಮ್ನೆ ಕುತೂಹಲಕ್ಕೆ ಕೋರ್ಟಿನ ವೆಬ್‌ಸೈಟಿನಲ್ಲಿ ಅವರ ಹೆಸರು ಹಾಕಿ ನೋಡಿದೆ. ಸ್ವಂತ ತಂಗಿಯೇ ಭಾಗ ಕೇಳಿ ದಾವೆ ಹಾಕಿದ್ದರು! ಟೋಕನ್ ವಾಪಸ್ ಬರಲು ಎಂಟು ತಿಂಗಳು ಹಿಡಿಯಿತು. ಆ ಹುಡುಕಾಟಕ್ಕೆ ನನಗೆ ಬೇಕಾಗಿದ್ದು ಹತ್ತು ನಿಮಿಷ, ಖರ್ಚು ಸೊನ್ನೆ.

ಹಾಗಾಗಿ ಟೋಕನ್‌ಗೆ ಮೊದಲು ಪತ್ರಗಳ ಜೆರಾಕ್ಸ್ ಕೇಳಿ. ಕ್ರಯಪತ್ರ, ಖಾತೆ, ಆಧಾರ್, ಪ್ಯಾನ್ ಪಕ್ಕಪಕ್ಕ ಇಟ್ಟು ಹೆಸರು, ತಂದೆಯ ಹೆಸರು ಹೋಲಿಸಿ. ಕ್ರಯಪತ್ರದಲ್ಲಿ ರಾಮಯ್ಯ, ಆಧಾರ್‌ನಲ್ಲಿ ರಾಮಣ್ಣ ಅಂತಿದ್ದರೆ ಇಬ್ಬರೂ ಒಬ್ಬರೇನಾ ಅಂತ ಕೇಳಲು ಸಂಕೋಚ ಬೇಡ. ಆಮೇಲೆ ಮೂಲ ಪತ್ರಗಳನ್ನು ಕಣ್ಣಾರೆ ನೋಡಿ. ‘ಎಲ್ಲೋ ಇಟ್ಟಿದೀನಿ, ರಿಜಿಸ್ಟ್ರೇಷನ್ ದಿನ ತರ್ತೀನಿ’ ಎಂಬ ಉತ್ತರ ಬಂದರೆ ಪತ್ರ ಯಾವುದಾದರೂ ಬ್ಯಾಂಕಿನಲ್ಲಿ ಅಡ ಕೂತಿರಬಹುದು. ಅಡಮಾನ ಸಾಲಗಳ ದಾಖಲೆ ಇಡುವ ಸೆರ್ಸಾಯ್ ವೆಬ್‌ಸೈಟಿನಲ್ಲಿ ಶುಲ್ಕ ಕಟ್ಟಿ ಹುಡುಕಬಹುದು.

ಆಸ್ತಿಯ ಮೇಲಿನ ವ್ಯವಹಾರ ತೋರಿಸುವ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ., ಎಲ್ಲರಿಗೂ ಗೊತ್ತು. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ. ವಕೀಲರು ಸಾಮಾನ್ಯವಾಗಿ 30 ವರ್ಷದ್ದು ಕೇಳುತ್ತಾರೆ. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಸಿಗುತ್ತದೆ. ಆದರೆ ನೋಂದಣಿಯಾದ ವ್ಯವಹಾರ ಮಾತ್ರ ಅದರಲ್ಲಿ ಬರುತ್ತದೆ. ಛಾಪಾ ಕಾಗದದ ಮೇಲೆ ಇನ್ನೊಬ್ಬರಿಗೆ ಬರೆದುಕೊಟ್ಟ ಕರಾರು, ಮನೆಯೊಳಗಿನ ಜಗಳ ಇವೆಲ್ಲ ಇ.ಸಿ.ಗೆ ಗೊತ್ತಾಗುವುದಿಲ್ಲ.

ಜಗಳ ಗೊತ್ತಾಗುವುದು ಕೋರ್ಟುಗಳ ವೆಬ್‌ಸೈಟಾದ ಇ-ಕೋರ್ಟ್ಸ್‌ನಲ್ಲಿ. ಕೇಸ್ ಸ್ಟೇಟಸ್‌ಗೆ ಹೋಗಿ ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಆರಿಸಿ, ಪಾರ್ಟಿ ನೇಮ್‌ನಲ್ಲಿ ಹೆಸರು ಹಾಕಿ. ವರ್ಷವನ್ನೂ ಕೇಳುತ್ತದೆ. ಒಂದೊಂದೇ ವರ್ಷ ಬದಲಿಸುತ್ತಾ ಹಿಂದಕ್ಕೆ ಹೋಗಬೇಕು, ಪ್ರತಿ ಸಲ ಆ ಸೊಟ್ಟಪಟ್ಟ ಅಕ್ಷರಗಳನ್ನು ಟೈಪ್ ಮಾಡಬೇಕು. ತಾಳ್ಮೆ ಬೇಕು. ನಮ್ಮ ಹೆಸರುಗಳ ಇಂಗ್ಲಿಷ್ ಸ್ಪೆಲಿಂಗ್ ಇನ್ನೊಂದು ತಲೆನೋವು. ಮಂಜುನಾಥ್ ಅನ್ನುವುದನ್ನು ಕೊನೆಗೆ ‘ಎ’ ಸೇರಿಸಿ, ಬಿಟ್ಟು, ‘ಎಚ್’ ತೆಗೆದು ನೋಡಿ. ಸೈಟು ಇರುವ ಜಿಲ್ಲೆಯಲ್ಲೂ ಅವರು ವಾಸವಿರುವ ಜಿಲ್ಲೆಯಲ್ಲೂ ಹುಡುಕಿ. ಹೈಕೋರ್ಟಿನದು ಬೇರೆಯೇ ಹುಡುಕಬೇಕು. ಅದೇ ಹೆಸರಿನ ಬೇರೆಯವರೂ ಸಿಗುತ್ತಾರೆ, ಹಾಗಾಗಿ ಊರು ಮತ್ತು ಎದುರು ಪಾರ್ಟಿಯ ಹೆಸರು ನೋಡದೆ ಯಾರನ್ನೂ ಅನುಮಾನಿಸಬೇಡಿ. ಇಷ್ಟು ಕಷ್ಟ ಯಾಕೆ ಅಂದರೆ, ಆ ಆಸ್ತಿಯ ಮೇಲೇ ದಾವೆ ನಡೆಯುತ್ತಿರುವಾಗ ಕೊಂಡರೆ ತೀರ್ಪು ಕೊಂಡವರಿಗೂ ಅಂಟುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಹೇಳುವುದು ಇದನ್ನೇ.

ಕೃಷಿ ಜಮೀನಾದರೆ ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು ನೋಡಿದರೆ ಸಾಲದು, 11ನೇ ಕಾಲಂ ಓದಿ. ಸಾಲ, ಹಕ್ಕಿನ ಟಿಪ್ಪಣಿಗಳು ಅಲ್ಲಿರುತ್ತವೆ. ತಹಶೀಲ್ದಾರ್, ಎ.ಸಿ. (ಉಪವಿಭಾಗಾಧಿಕಾರಿ) ಮುಂದಿರುವ ತಕರಾರು ಇ-ಕೋರ್ಟ್ಸ್‌ನಲ್ಲಿ ಕಾಣುವುದಿಲ್ಲ, ಅವರವರ ಕಚೇರಿಯಲ್ಲಿ ವಿಚಾರಿಸಿ.

ಪಿತ್ರಾರ್ಜಿತ ಆಸ್ತಿ ಅಂದರೆ ವಂಶವೃಕ್ಷ ಬೇಕೇ ಬೇಕು. ‘ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದಾರೆ, ಅವರದೇನಿಲ್ಲ’ ಎಂಬ ಮಾತನ್ನು ಒಪ್ಪಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅವರಿಗೂ ಸಮಪಾಲು ಕೊಟ್ಟಿದೆ. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಕ್ಕತಂಗಿಯರ ಸಹಿ ಇಲ್ಲದೆ ಮುಂದುವರಿಯಬೇಡಿ. ಸಾಧ್ಯವಾದರೆ ಅವರ ಜೊತೆ ಒಮ್ಮೆ ಮಾತಾಡಿ. ನನ್ನ ಕೇಸಿನಲ್ಲಿ ಒಂದು ಫೋನ್ ಸಾಕಾಗಿತ್ತು, ಅಲ್ವಾ?

ಜಿಪಿಎ, ಅಂದರೆ ಮಾಲೀಕರ ಪರವಾಗಿ ವ್ಯವಹರಿಸಲು ಕೊಟ್ಟ ಅಧಿಕಾರಪತ್ರ, ಹಿಡಿದು ಬಂದವರಿದ್ದರೆ ಮೂಲ ಮಾಲೀಕರನ್ನು ಭೇಟಿಯಾಗಿ, ಅವರು ಬದುಕಿದ್ದಾರಾ ಅಂತ ಖಚಿತ ಮಾಡಿಕೊಳ್ಳಿ. ಬರೀ ಜಿಪಿಎಯಿಂದ ಒಡೆತನ ವರ್ಗವಾಗುವುದಿಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಲೇಔಟ್ ಕಂಪನಿಯಾದರೆ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ಪ್ರಾಜೆಕ್ಟ್ ನೋಂದಣಿ, ದೂರುಗಳನ್ನು ನೋಡಿ.

ಇಷ್ಟಾದ ಮೇಲೆ ಬ್ರೋಕರ್ ಇಲ್ಲದೆ ಒಂದು ಭಾನುವಾರ ಸೈಟಿನ ಹತ್ತಿರ ಹೋಗಿ. ಮೂಲೆಯ ಟೀ ಅಂಗಡಿಯಲ್ಲಿ ‘ಈ ಸೈಟು ಯಾರದು?’ ಅಂತ ಕೇಳಿ. ‘ಯಾವುದು, ಆ ಜಗಳದ್ದಾ?’ ಎಂಬ ಉತ್ತರ ಯಾವ ವೆಬ್‌ಸೈಟಿನಲ್ಲೂ ಸಿಗುವುದಿಲ್ಲ. ವಕೀಲರ ಮೂಲಕ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟರೆ ತಕರಾರು ಇರುವವರು ತಾವಾಗಿಯೇ ಬರಬಹುದು.

ಟೋಕನ್ ಕೊಡುವಾಗ ನಗದು ಬೇಡ, ಬ್ರೋಕರ್ ಖಾತೆಗೂ ಬೇಡ. ಕ್ರಯಪತ್ರದಲ್ಲಿ ಹೆಸರಿರುವವರ ಖಾತೆಗೇ ಹಾಕಿ. ಹಕ್ಕಿನಲ್ಲಿ ದೋಷ ಕಂಡರೆ ಎಷ್ಟು ದಿನದಲ್ಲಿ ದುಡ್ಡು ವಾಪಸ್ ಅಂತ ಕರಾರಿನಲ್ಲೇ ಬರೆಸಿ. ನಾನು ಆ ಸಾಲು ಬರೆಸಿರಲಿಲ್ಲ. ಎಂಟು ತಿಂಗಳು ಹಿಡಿದಿದ್ದು ಅದಕ್ಕೇ.