ಡಿಫೆಂಡರ್ ಕೈ ತಾಕಿದರೆ ಸೀಟಿ ಊದುವುದು ಯಾವಾಗ?

ಬಾಸ್ಕೆಟ್‌ಬಾಲ್‌ನಲ್ಲಿ ಕೈ ಸೋಕಿದ್ದಕ್ಕೆಲ್ಲ ಸೀಟಿ ಊದುವ ರೆಫರಿ ಆಟ ನಡೆಯಲು ಬಿಡುವುದಿಲ್ಲ. ಏನೂ ಊದದವರ ಪಂದ್ಯ ಮೂರನೇ ಕ್ವಾರ್ಟರ್ ಹೊತ್ತಿಗೆ ಕುಸ್ತಿಯಾಗಿರುತ್ತದೆ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮಗಳ 33ನೇ ವಿಧಿ ಪ್ರಕಾರ ಕೈ ತಾಕಿದ ಮಾತ್ರಕ್ಕೆ ಫೌಲ್ ಆಗದು. ಎದುರಾಳಿಯ ಓಡಾಟಕ್ಕೆ ಅಡ್ಡಿಯಾದರೆ ಫೌಲ್.

ಮೊದಲು ಕಣ್ಣಿನ ವಿಚಾರ. ಚೆಂಡನ್ನು ನೋಡುತ್ತ ನಿಂತರೆ ಡಿಫೆಂಡರ್ ಕೈ ಸೊಂಟಕ್ಕೆ ಬಂದದ್ದೇ ತಿಳಿಯುವುದಿಲ್ಲ. ನೋಡಬೇಕಾದ್ದು ಡಿಫೆಂಡರ್‌ನನ್ನು, ಅದೂ ಇಬ್ಬರ ನಡುವಿನ ಸಂದು ಕಾಣುವ ಜಾಗದಿಂದ. ಆಟಗಾರನ ಬೆನ್ನ ಹಿಂದೆಯೇ ಸಿಕ್ಕಿಕೊಂಡಿದ್ದರೆ ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಕಾಣದ್ದನ್ನು ಊಹಿಸಿ ಊದಬೇಡಿ.

ಇನ್ನು ಕೈ ಏನು ಮಾಡಿತು ಎಂಬುದು. ಒಮ್ಮೆ ಸೋಕಿ ಹಿಂದೆ ಸರಿಯಿತು, ಡ್ರಿಬಲ್ (ಚೆಂಡು ಪುಟಿಸುತ್ತ ಸಾಗುವುದು) ಹಾಗೇ ಸಾಗಿತು ಎಂದರೆ ಬಿಟ್ಟುಬಿಡಿ. ಕೈ ಮೈಮೇಲೇ ಉಳಿದು ದಾರಿ ತಡೆದರೆ ಫೌಲ್. ಪದೇ ಪದೇ ತಿವಿದರೂ ಫೌಲ್. ಒಂದೊಂದು ತಿವಿತ ಹಗುರವೆನಿಸಿದರೂ ಅದು ಒರಟಾಟಕ್ಕೆ ದಾರಿ ಎಂದು ನಿಯಮವೇ ಹೇಳುತ್ತದೆ. ಅನುಮಾನವಿದ್ದರೆ ವೇಗ, ಸಮತೋಲ, ಲಯ ಈ ಮೂರನ್ನು ನೋಡಿ. ಸೈಡ್‌ಲೈನ್ ಪಕ್ಕ ನುಗ್ಗುವವನ ಸೊಂಟಕ್ಕೆ ಅಂಗೈ ಒತ್ತಿದೆ ಎನ್ನಿ: ಭುಜ ಮುಂದೆ ಹೋಗುತ್ತದೆ, ಸೊಂಟ ಹಿಂದೆ ಉಳಿಯುತ್ತದೆ, ಮುಂದಿನ ಹೆಜ್ಜೆ ಬುಟ್ಟಿಯ ಕಡೆಗೆ ಬೀಳದೆ ಗೆರೆಯತ್ತ ವಾಲುತ್ತದೆ. ಆ ಹೆಜ್ಜೆಯೇ ಸಾಕ್ಷಿ. ಆಟಗಾರನ ಕೂಗಾಟ ಸಾಕ್ಷಿಯಲ್ಲ. ಅರೆಕ್ಷಣ ಕಾಯಬಹುದು, ಆದರೆ ಚೆಂಡು ಬುಟ್ಟಿಗೆ ಬಿತ್ತೋ ಇಲ್ಲವೋ ನೋಡಿಕೊಂಡು ಊದುವುದು ಕೆಟ್ಟ ಚಾಳಿ.

ಸೀಟಿಯೊಂದಿಗೇ ಮುಷ್ಟಿ ಮೇಲೆತ್ತಿ, ಗಡಿಯಾರ ನಿಲ್ಲಬೇಕು. ಸ್ಕೋರರ್ ಮೇಜಿಗೆ ಸರಿಯಾಗಿ ಕಾಣುವಲ್ಲಿಗೆ ಬಂದು ನಿಂತು, ಮೊದಲು ಜರ್ಸಿ ಸಂಖ್ಯೆ, ಆಮೇಲೆ ಫೌಲ್ ಬಗೆ, ಕೊನೆಗೆ ದಂಡ ತೋರಿಸಿ. ನಿಮ್ಮದೇ ಮಣಿಕಟ್ಟಿಗೆ ಹೊಡೆದು ತೋರಿಸಿದರೆ ಕೈಯ ಅಕ್ರಮ ಬಳಕೆ, ಮಣಿಕಟ್ಟು ಹಿಡಿದು ತೋರಿಸಿದರೆ ಹೋಲ್ಡಿಂಗ್ (ಎದುರಾಳಿಯನ್ನು ಹಿಡಿದು ತಡೆಯುವುದು). ಹೊಸಬರು ಇವನ್ನು ಅದಲುಬದಲು ಮಾಡುವುದುಂಟು.

ಶೂಟಿಂಗ್ (ಬುಟ್ಟಿಗೆ ಎಸೆಯುವಾಗ ಆದದ್ದು) ಅಲ್ಲದ ಫೌಲ್‌ಗೆ, ಆ ಕ್ವಾರ್ಟರ್‌ನ ತಂಡದ ಫೌಲ್ 4 ದಾಟಿರದಿದ್ದರೆ ಥ್ರೋ-ಇನ್, ಅಂದರೆ ಗೆರೆಯಾಚೆಯಿಂದ ಚೆಂಡು ಒಳಗೆ ಎಸೆಯುವುದು. 5ನೆಯದರಿಂದ 2 ಫ್ರೀ ಥ್ರೋ (ಯಾರ ಅಡ್ಡಿಯೂ ಇಲ್ಲದೆ ಬುಟ್ಟಿಗೆ ಎಸೆತ). ಥ್ರೋ-ಇನ್ ಫ್ರಂಟ್ ಕೋರ್ಟ್‌ನಲ್ಲಾದರೆ (ದಾಳಿ ಮಾಡುವ ತಂಡ ಚೆಂಡು ಹಾಕಬೇಕಾದ ಬುಟ್ಟಿಯಿರುವ ಅರ್ಧ) ಶಾಟ್ ಕ್ಲಾಕ್ ಮೇಲೂ, ಅಂದರೆ ಬುಟ್ಟಿಗೆ ಎಸೆಯಲು ಉಳಿದ ಸಮಯ ತೋರಿಸುವ ಗಡಿಯಾರದ ಮೇಲೂ, ಕಣ್ಣಿರಲಿ: 14 ಸೆಕೆಂಡ್ ಅಥವಾ ಹೆಚ್ಚಿದ್ದರೆ ಹಾಗೇ ಮುಂದುವರಿಯುತ್ತದೆ, 13 ಅಥವಾ ಕಡಿಮೆಯಿದ್ದರೆ 14ಕ್ಕೆ ಏರುತ್ತದೆ. ಶೂಟ್ ಮಾಡುವವನ ಮೇಲೆ ಫೌಲ್ ಆಗಿಯೂ ಚೆಂಡು ಒಳಗೆ ಬಿದ್ದರೆ ಅಂಕದ ಜೊತೆ 1 ಫ್ರೀ ಥ್ರೋ. ಬೀಳದಿದ್ದರೆ ಎಸೆದ ಜಾಗ ನೋಡಿ 2 ಅಥವಾ 3.

ಇಷ್ಟೆಲ್ಲ ಗೊತ್ತಿದ್ದೂ ಕೈತಪ್ಪುವುದು ಮೊದಲ ಕೆಲವು ನಿಮಿಷಗಳಲ್ಲೇ. ಅಲ್ಲಿ ಸೊಂಟದ ಮೇಲಿನ ಕೈಯನ್ನು ಬಿಟ್ಟು ಕೊನೆಯ ಕ್ವಾರ್ಟರ್‌ನಲ್ಲಿ ಅದಕ್ಕೇ ಊದಿದರೆ ಕೋಚ್ ಜಗಳಕ್ಕೆ ಬರುವುದರಲ್ಲಿ ತಪ್ಪೇನಿಲ್ಲ. ಅಡ್ಡಿಯಾಗದ ಸಣ್ಣ ತಾಕುವಿಕೆಗೆ ಆಟ ನಿಲ್ಲಿಸದೆ “ಹ್ಯಾಂಡ್ಸ್!” ಎಂದು ಒಮ್ಮೆ ಗಟ್ಟಿಯಾಗಿ ಹೇಳಿದರೆ ಬಹುತೇಕರು ಕೈ ತೆಗೆಯುತ್ತಾರೆ. ತೆಗೆಯದವರಿಗೆ ಮುಂದಿನ ಸಲ ಸೀಟಿ.