ಅರ್ಧ ಸೂರ್ಯನ ಹಿಂದೆ ಐದು ವರ್ಷ: ಗ್ರಾಫಿಕ್ ಡಿಸೈನ್‌ನಲ್ಲಿ ನನ್ನ ಪಿಎಚ್.ಡಿ.

"ಗ್ರಾಫಿಕ್ ಡಿಸೈನ್‌ನಲ್ಲಿ ಪಿಎಚ್.ಡಿ.ನಾ? ಅದರಲ್ಲಿ ಸಂಶೋಧನೆ ಮಾಡೋಕೆ ಏನಿದೆ?" ಐದು ವರ್ಷದಲ್ಲಿ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕ ಇಟ್ಟಿಲ್ಲ. ನಿಜ ಹೇಳಬೇಕಂದರೆ ಮೊದಲ ವರ್ಷ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ನಗ್ತಾ ಮಾತು ಬದಲಾಯಿಸುತ್ತಿದ್ದೆ.

ಅದಕ್ಕೂ ಮುಂಚೆ ಒಂಬತ್ತು ವರ್ಷ ಸ್ಟುಡಿಯೋಗಳಲ್ಲಿ ಕೆಲಸ ಮಾಡಿದ್ದೆ. ಜಾಸ್ತಿ ಪ್ಯಾಕೇಜಿಂಗ್. ಒಂದು ಔಷಧಿ ಡಬ್ಬಿಗೆ ಚಿಕ್ಕ ಚಿಕ್ಕ ಚಿತ್ರಗಳನ್ನು ಮಾಡಿದ್ದೆ: ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಒಂದು, ಊಟ ಆದ ಮೇಲೆ, ಹೀಗೆ. ಮೀಟಿಂಗ್‌ನಲ್ಲಿ ಎಲ್ಲರೂ ಚೆನ್ನಾಗಿದೆ ಅಂದರು. ಆಮೇಲೆ ಮನೆಯ ಹಿರಿಯರೊಬ್ಬರ ಕೈಗೆ ಅದೇ ಡಬ್ಬಿ ಕೊಟ್ಟು ಸುಮ್ನೆ ನೋಡುತ್ತಾ ಕೂತೆ. ಮೂರು ಚಿತ್ರದಲ್ಲಿ ಎರಡನ್ನು ಅವರು ತಪ್ಪಾಗಿ ಓದಿದರು. ನನ್ನ ಸಂಶೋಧನೆ ಶುರುವಾಗಿದ್ದು ಅಲ್ಲಿಂದ, ಆದರೆ ಅದು ನನಗೆ ಗೊತ್ತಾಗೋಕೆ ಇನ್ನೂ ಎರಡು ವರ್ಷ ಬೇಕಾಯಿತು.

ನಾನು ಬರೆದ ಮೊದಲ ಪ್ರಪೋಸಲ್‌ನ ಹೆಸರು "ಔಷಧಿ ಪ್ಯಾಕೆಟ್‌ಗಳಿಗೆ ಉತ್ತಮ ಚಿತ್ರಸಂಕೇತಗಳ ವಿನ್ಯಾಸ". ಅದನ್ನು ಓದಿದ ಸಮಿತಿಯವರೊಬ್ಬರು ಕೇಳಿದ್ದು ಇಷ್ಟೇ: "ಇದು ಪ್ರಾಜೆಕ್ಟ್ ಆಯಿತು. ಪ್ರಶ್ನೆ ಎಲ್ಲಿ?" ನನಗೆ ಸಿಟ್ಟು ಬಂತು. ಮಾಡಿ ತೋರಿಸುತ್ತೇನೆ ಅಂದರೂ ಬೇಡ ಅಂತಾರಲ್ಲ ಅನಿಸಿತು. ಡಿಸೈನರ್‌ಗಳಾದ ನಮಗೆ ಇಲ್ಲೇ ಮೊದಲ ಪೆಟ್ಟು ಬೀಳೋದು. ಸಮಸ್ಯೆ ಕಂಡ ತಕ್ಷಣ ಕೈ ಪೆನ್ಸಿಲ್ ಕಡೆ ಹೋಗುತ್ತೆ. ಪಿಎಚ್.ಡಿ.ಯಲ್ಲಿ ಆ ಕೈಯನ್ನು ಸ್ವಲ್ಪ ದಿನ ಕಟ್ಟಿ ಹಾಕಬೇಕು. ಮೂರು ಸಲ ತಿದ್ದಿದ ಮೇಲೆ ನನ್ನ ಪ್ರಶ್ನೆ ಹೀಗಾಯಿತು: ಹೊತ್ತನ್ನು ಹೇಳುವ ಚಿತ್ರಗಳನ್ನು ಜನ ಹೇಗೆ ಓದುತ್ತಾರೆ, ತಪ್ಪುವವರು ಎಲ್ಲಿ ತಪ್ಪುತ್ತಾರೆ, ಯಾಕೆ? ನೋಡೋಕೆ ಎಷ್ಟು ಸಣ್ಣ ಪ್ರಶ್ನೆ ಅಲ್ವಾ? ಐದು ವರ್ಷಕ್ಕೆ ಅದೇ ದೊಡ್ಡದಾಯಿತು.

ಆಗ ಕೈ ಹಿಡಿದದ್ದು ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿದ್ದ ಕ್ರಿಸ್ಟೊಫರ್ ಫ್ರೇಲಿಂಗ್ 1993ರಲ್ಲಿ ಬರೆದ ಒಂದು ಪುಟ್ಟ ಲೇಖನ. ಅದರಲ್ಲಿ ಅವರು ಮೂರು ದಾರಿ ಬಿಡಿಸಿ ತೋರಿಸುತ್ತಾರೆ. ಡಿಸೈನ್ ಬಗ್ಗೆ ಸಂಶೋಧನೆ, ಅಂದರೆ ಅದರ ಇತಿಹಾಸ, ಸಿದ್ಧಾಂತ. ಡಿಸೈನ್ ಮೂಲಕ ಸಂಶೋಧನೆ, ಅಂದರೆ ಮಾಡುತ್ತಾ ಮಾಡುತ್ತಾ ತಿಳಿಯೋದು, ತಿಳಿದದ್ದನ್ನು ದಾಖಲಿಸೋದು. ಡಿಸೈನ್‌ಗಾಗಿ ಸಂಶೋಧನೆ, ಅಂದರೆ ಕೊನೆಯ ವಸ್ತುವನ್ನು ರೂಪಿಸೋಕೆ ಬೇಕಾದದ್ದನ್ನೆಲ್ಲ ಕಲೆಹಾಕೋದು. ಒಂಬತ್ತು ವರ್ಷ ನಾನು ಮಾಡಿದ್ದು ಈ ಮೂರನೆಯದು. ಬೇಕಾಗಿದ್ದದ್ದು ಎರಡನೆಯದು. ಈ ವಿಂಗಡಣೆಯ ಬಗ್ಗೆ ಇವತ್ತಿಗೂ ಜಗಳ ಇದೆ, ಇರಲಿ, ನನಗಂತೂ ಉಪಕಾರ ಆಯಿತು.

ಓದೋ ಕೆಲಸ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. 1925ರಲ್ಲಿ ವಿಯೆನ್ನಾದಲ್ಲಿ ಒಟ್ಟೊ ನ್ಯೂರಾತ್ ಒಂದು ಮ್ಯೂಸಿಯಂ ಶುರು ಮಾಡಿ ಅಂಕಿಅಂಶಗಳನ್ನು ಚಿತ್ರಗಳಲ್ಲಿ ಹೇಳೋಕೆ ಹೊರಟರು, ಅದೇ ಮುಂದೆ ಐಸೊಟೈಪ್ ಅನ್ನುವ ಚಿತ್ರಭಾಷೆ ಆಯಿತು. ಆ ಚಿತ್ರಗಳನ್ನು ಬಿಡಿಸಿದ ಗೆರ್ಡ್ ಆರ್ನ್ಟ್ಸ್ ಹೆಸರು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಮರೀ ರೈಡೆಮೈಸ್ಟರ್, ಮುಂದೆ ಮರೀ ನ್ಯೂರಾತ್ ಆದವರು. ಪಂಡಿತರು ಕೊಟ್ಟ ಮಾಹಿತಿಯಲ್ಲಿ ಏನು ಉಳಿಯಬೇಕು, ಏನು ಹೋಗಬೇಕು, ಹೇಗೆ ಜೋಡಿಸಬೇಕು ಅಂತ ತೀರ್ಮಾನಿಸೋದು ಅವರ ಕೆಲಸ. ಆ ಕೆಲಸಕ್ಕೆ ಅವರಲ್ಲಿ 'ರೂಪಾಂತರಿಸುವವರು' ಅಂತಲೇ ಹೆಸರಿತ್ತು. ನನ್ನ ಕೆಲಸಕ್ಕೆ ಇಷ್ಟು ಹಳೆಯ ಹೆಸರು ಇದೆ ಅಂತ ಗೊತ್ತಾದ ದಿನ ಲೈಬ್ರರಿಯಿಂದ ಎದ್ದು ಬರೋಕೇ ಮನಸ್ಸಾಗಲಿಲ್ಲ.

ಅಮೆರಿಕದಲ್ಲಿ 1974ರಲ್ಲಿ ಗ್ರಾಫಿಕ್ ಡಿಸೈನರ್‌ಗಳ ಸಂಘವಾದ ಎಐಜಿಎ ಮತ್ತು ಸಾರಿಗೆ ಇಲಾಖೆ ಸೇರಿ ವಿಮಾನ ನಿಲ್ದಾಣ ಮುಂತಾದ ಕಡೆಗೆ 34 ಚಿಹ್ನೆಗಳನ್ನು ಮಾಡಿದರು. ಅವರು ಆಗಲೇ ಬಳಕೆಯಲ್ಲಿದ್ದ ಚಿಹ್ನೆಗಳನ್ನು ಬೇರೆ ಬೇರೆ ಕಡೆಯಿಂದ ಕೂಡಿಹಾಕಿ, ಅರ್ಥ, ರೂಪ, ಬಳಕೆ ಅಂತ ಮೂರು ಬಗೆಯಲ್ಲಿ ತೂಗಿ ಆಮೇಲೆ ಗೆರೆ ಎಳೆದರು. ನಾವು ಸ್ಟುಡಿಯೋದಲ್ಲಿ "ರೆಫರೆನ್ಸ್" ಅಂತ ಹತ್ತು ಚಿತ್ರ ಡೌನ್‌ಲೋಡ್ ಮಾಡಿಟ್ಟುಕೊಳ್ಳುತ್ತೇವಲ್ಲ, ಅದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ! ಇನ್ನೊಂದು ಮಾತು. ನಮಗೆ ಬೇಕಾದ್ದೆಲ್ಲ ಡಿಸೈನ್ ಪತ್ರಿಕೆಗಳಲ್ಲೇ ಸಿಗೋದಿಲ್ಲ. 1967ರಿಂದ ಬರುತ್ತಿರುವ ವಿಸಿಬಲ್ ಲ್ಯಾಂಗ್ವೇಜ್‌ನಂಥವು ಇವೆ ನಿಜ, ಆದರೆ ನನಗೆ ಅರ್ಧಕ್ಕರ್ಧ ಸಿಕ್ಕಿದ್ದು ಮನಃಶಾಸ್ತ್ರ ಮತ್ತು ಫಾರ್ಮಸಿ ಪತ್ರಿಕೆಗಳಲ್ಲಿ. ಅವರ ಬರವಣಿಗೆ ಒಣ, ಅವರು ಬಳಸುವ ಚಿತ್ರಗಳು ನೋಡೋಕೆ ಆಗಲ್ಲ, ಆದರೆ ಪ್ರಯೋಗ ಮಾಡೋದು ಹೇಗೆ ಅಂತ ಅವರಿಗೆ ಗೊತ್ತು.

ಈಗ ಸೂರ್ಯನ ವಿಷಯಕ್ಕೆ ಬರ್ತೀನಿ.

ನಾನು ಬಿಡಿಸಿದ "ಬೆಳಿಗ್ಗೆ" ಚಿತ್ರ: ಒಂದು ಅಡ್ಡಗೆರೆ, ಅದರ ಮೇಲೆ ಅರ್ಧ ವೃತ್ತ, ಸುತ್ತ ಕಿರಣ, ಪಕ್ಕದಲ್ಲಿ ಒಂದು ಮಾತ್ರೆ. ಕಾರ್ಡಿನ ಮೇಲೆ ಪ್ರಿಂಟ್ ಮಾಡಿ ಒಬ್ಬೊಬ್ಬರಿಗೇ ತೋರಿಸಿದೆ. ಅರವತ್ತು ದಾಟಿದ ಒಬ್ಬರು ಕಾರ್ಡನ್ನು ಹತ್ತಿರ ಹಿಡಿದರು, ದೂರ ಹಿಡಿದರು, "ಸೂರ್ಯ ಮುಳುಗ್ತಿದಾನೆ, ಅಂದ್ರೆ ಸಂಜೆ ಮಾತ್ರೆ" ಅಂದರು. ಮುಂದಿನವರು "ಬೆಳಿಗ್ಗೆ" ಅಂದರು. ಅದರ ಮುಂದಿನವರು "ಈ ಮಾತ್ರೆ ತಗೊಂಡ್ರೆ ಬಿಸಿಲಿಗೆ ಹೋಗಬಾರದು" ಅಂದರು. ಮೂವರೂ ಸರಿಯೇ! ಚಿತ್ರದಲ್ಲಿ ಈ ಮೂರೂ ಇತ್ತು. ನಾನು ಮಾತ್ರ ಒಂದನ್ನೇ ನೋಡಿದ್ದೆ, ಯಾಕಂದರೆ ಬಿಡಿಸಿದವನು ನಾನು.

ಸರಿ, ಸೂರ್ಯ ಏಳುತ್ತಿದ್ದಾನೆ ಅಂತ ತೋರಿಸೋಕೆ ಮೇಲ್ಮುಖದ ಬಾಣ ಹಾಕಿದೆ. ಸಂಜೆ ಅನ್ನುವವರು ಕಡಿಮೆಯಾದರು. ನಾನು ಖುಷಿಯಲ್ಲಿದ್ದಾಗ ಒಬ್ಬರು "ಡೋಸ್ ಜಾಸ್ತಿ ಮಾಡಿ ಅಂತಿದೆ" ಅಂದುಬಿಟ್ಟರು.

ಇಂಥ ಉತ್ತರಕ್ಕೆ ಪರೀಕ್ಷೆಯ ಭಾಷೆಯಲ್ಲಿ ಬೇರೆಯೇ ಖಾನೆ ಇದೆ. ಸುಮ್ನೆ ತಪ್ಪು ಬೇರೆ, ಅಪಾಯ ತರುವ ತಪ್ಪು ಬೇರೆ. ಚಿಹ್ನೆಗಳು ಎಷ್ಟು ಅರ್ಥವಾಗುತ್ತವೆ ಅಂತ ಪರೀಕ್ಷಿಸೋಕೆ ಐಎಸ್‌ಒ 9186 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ಪಾಸಾಗೋಕೆ ಐಎಸ್‌ಒ ಲೆಕ್ಕದಲ್ಲಿ ಸಾಮಾನ್ಯವಾಗಿ ಹೇಳೋದು 67% ಸರಿ ಉತ್ತರ. ಅಮೆರಿಕದ ಮಾನದಂಡ ಸಂಸ್ಥೆ ಎಎನ್‌ಎಸ್‌ಐ ಇನ್ನೂ ಬಿಗಿ: 85% ಸರಿ ಇರಬೇಕು, ಅಪಾಯದ ತಪ್ಪು 5% ದಾಟಬಾರದು. ನನ್ನ ಬಾಣದ ಸೂರ್ಯ ಮೊದಲ ಷರತ್ತಿನ ಹತ್ತಿರ ಹೋಗಿ ಎರಡನೆಯದರಲ್ಲಿ ಬಿದ್ದ.

ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದು. ಮೊದಲ ಸುತ್ತಿನಲ್ಲಿ ನಾನು ಕೇಳುತ್ತಿದ್ದ ಪ್ರಶ್ನೆ "ಇದು ಯಾವ ಹೊತ್ತು ಅನಿಸುತ್ತೆ?" ರೆಕಾರ್ಡಿಂಗ್ ಕೇಳಿಸಿಕೊಂಡ ಗೈಡ್ ಅರ್ಧಕ್ಕೆ ನಿಲ್ಲಿಸಿ, "ಚಿತ್ರ ಹೊತ್ತಿನ ಬಗ್ಗೆ ಅಂತ ನೀವೇ ಹೇಳಿಕೊಟ್ರಲ್ಲ" ಅಂದರು. ಹೌದಲ್ಲ! ಮೂರು ತಿಂಗಳ ಡೇಟಾ ಪೂರ್ತಿ ಹೋಯಿತು. ಅದನ್ನು ಥೀಸಿಸ್‌ನಲ್ಲಿ ಪೈಲಟ್ (ಪೂರ್ವಪ್ರಯೋಗ) ಅಂತ ಮರ್ಯಾದೆಯ ಹೆಸರಿಟ್ಟು ಸೇರಿಸಿದ್ದೇನೆ. ಮುಂದಿನ ಸುತ್ತಿನಲ್ಲಿ "ಇದರ ಅರ್ಥ ಏನು ಅನಿಸುತ್ತೆ?" ಅಂತಷ್ಟೇ ಕೇಳಿದೆ. ಆಮೇಲೆ ಬಾಯಿ ಮುಚ್ಚಿಕೊಂಡು ಕೂತೆ. ಆ ಕೂರೋದು ಎಷ್ಟು ಕಷ್ಟ ಅಂತ ಕ್ಲೈಂಟ್ ಮುಂದೆ ತನ್ನ ಡಿಸೈನ್ ಸಮರ್ಥಿಸಿಕೊಂಡು ಅಭ್ಯಾಸ ಇರೋರಿಗೆ ಮಾತ್ರ ಗೊತ್ತು. ಉತ್ತರಗಳಿಗೆ ಸರಿ ತಪ್ಪು ಹಾಕೋದೂ ನಾನೊಬ್ಬನೇ ಮಾಡುವ ಹಾಗಿರಲಿಲ್ಲ. ಇಬ್ಬರು ಬೇರೆ ಬೇರೆ ಕೂತು ಹಾಕಬೇಕು, ಇಬ್ಬರೂ ಎಷ್ಟು ಒಪ್ಪುತ್ತಾರೆ ಅಂತ ಕೋಹೆನ್ಸ್ ಕಪ್ಪಾ ಅನ್ನುವ ಲೆಕ್ಕದಿಂದ ನೋಡಬೇಕು. ಲೆಕ್ಕ ಅಂದರೆ ಓಡುತ್ತಿದ್ದ ನನಗೆ ಸಂಖ್ಯಾಶಾಸ್ತ್ರ ವಿಭಾಗದ ಗೆಳೆಯರೊಬ್ಬರು ಪಾಠ ಹೇಳಿಕೊಟ್ಟರು, ಬದಲಿಗೆ ಅವರ ಪೋಸ್ಟರ್‌ಗಳನ್ನೆಲ್ಲ ನಾನು ಮಾಡಿಕೊಟ್ಟೆ.

ಎಥಿಕ್ಸ್ ಕಮಿಟಿ, ಒಪ್ಪಿಗೆ ಪತ್ರ, ಅರ್ಜಿ ಮೇಲೆ ಅರ್ಜಿ, ಇವೆಲ್ಲ ಯಾವ ವಿಷಯದಲ್ಲಿ ಮಾಡಿದರೂ ಇರೋದೇ. ಬೇಗ ಶುರು ಮಾಡಿ ಅಂತಷ್ಟೇ ಹೇಳಬಲ್ಲೆ.

ಡಿಸೈನರ್‌ಗಳಿಗೆ ಹೇಳಲೇಬೇಕಾದ್ದು ಫೈಲ್‌ಗಳ ವಿಷಯ. ನನ್ನ ಕಂಪ್ಯೂಟರಿನಲ್ಲಿ "ಸೂರ್ಯ ಫೈನಲ್", "ಸೂರ್ಯ ಫೈನಲ್ ಹೊಸದು", "ಸೂರ್ಯ ಇದೇ ಫೈನಲ್" ಅಂತೆಲ್ಲ ಇತ್ತು. ಒಂದು ದಿನ ಗೈಡ್ ಕೇಳಿದರು: "ಇದರಲ್ಲಿ ಎಂಟು ಕಿರಣ, ಅದರಲ್ಲಿ ಐದು. ಯಾಕೆ ಕಡಿಮೆ ಮಾಡಿದ್ರಿ?" ಉತ್ತರ ನೆನಪಿರಲಿಲ್ಲ. ಮನೆಗೆ ಬಂದು 12 ಮಿ.ಮೀ. ಅಳತೆಯಲ್ಲಿ ಎರಡನ್ನೂ ಪ್ರಿಂಟ್ ಹಾಕಿ ನೋಡಿದಾಗ ಹೊಳೆಯಿತು: ಎಂಟು ಕಿರಣ ಆ ಅಳತೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಮುಳ್ಳುಹಂದಿ ಥರ ಕಾಣುತ್ತೆ. ಕೈಗೆ ಗೊತ್ತಿತ್ತು, ಕಾಗದದಲ್ಲಿ ಇರಲಿಲ್ಲ. ಅವತ್ತಿಂದ ಪ್ರತಿ ಬದಲಾವಣೆಗೂ ತಾರೀಖು, ಚಿತ್ರದ ನಕಲು, ಒಂದೇ ಸಾಲಿನ ಕಾರಣ ಬರೆದಿಟ್ಟೆ. ಬಿಟ್ಟುಬಿಟ್ಟ ಚಿತ್ರಗಳನ್ನೂ ಅಳಿಸಲಿಲ್ಲ. ಕೊನೆಗೆ ಥೀಸಿಸ್‌ನ ಅತಿ ಗಟ್ಟಿ ಅಧ್ಯಾಯ ಹುಟ್ಟಿದ್ದು ಆ ನೋಟ್‌ಬುಕ್‌ನಿಂದ.

ಬರವಣಿಗೆ? ಕೆಲವು ಕಡೆ ಮಾಡಿದ ಕೆಲಸವನ್ನೂ ಥೀಸಿಸ್‌ನ ಭಾಗ ಅಂತ ಒಪ್ಪಿ ಬರಹವನ್ನು 40,000 ಪದದ ಆಸುಪಾಸಿಗೆ ಇಳಿಸುತ್ತಾರೆ, ಬರೀ ಬರಹದ್ದಾದರೆ 80,000ದವರೆಗೂ ಹೋಗುತ್ತೆ. ಸೇರುವ ಮುಂಚೆಯೇ ಕೇಳಿ ತಿಳಿದುಕೊಳ್ಳಿ. ನಾನು ಬರೆಯೋದನ್ನು ತಪ್ಪಿಸಿಕೊಳ್ಳೋಕೆ ಮೂರು ವಾರ ಕೂತು ಥೀಸಿಸ್‌ಗೆ ಚಂದದ ಗ್ರಿಡ್ ಮಾಡಿದೆ, ಫಾಂಟ್ ಆರಿಸಿದೆ, ಮಾರ್ಜಿನ್ ಕೂರಿಸಿದೆ. ಆಮೇಲೆ ನಿಯಮಾವಳಿ ತೆಗೆದು ನೋಡಿದರೆ ಎ4, ಡಬಲ್ ಸ್ಪೇಸಿಂಗ್, ಫಾಂಟ್ ಕೂಡ ಅವರು ಹೇಳಿದ್ದೇ.

ವೈವಾದಲ್ಲಿ, ಅಂದರೆ ಕೊನೆಯ ಮೌಖಿಕ ಪರೀಕ್ಷೆಯಲ್ಲಿ, ಹೆದರಿಕೊಂಡಷ್ಟು ಆಗಲಿಲ್ಲ. ಪರೀಕ್ಷಕರು ಸೋತ ಚಿತ್ರಗಳ ಬಗ್ಗೆಯೇ ಜಾಸ್ತಿ ಕೇಳಿದರು. ಬಾಣದ ಸೂರ್ಯನ ಮೇಲೇ ಅರ್ಧ ಗಂಟೆ. ಕೊನೆಗೆ ಗೆದ್ದದ್ದು ಯಾವುದು ಅಂದರು. ನೆಲದ ಗೆರೆ ಮೇಲೆ ಅರ್ಧ ಸೂರ್ಯ, ಬಾಣ ಇಲ್ಲ, ಕೆಳಗೆ "ಬೆಳಿಗ್ಗೆ" ಅನ್ನುವ ಒಂದು ಪದ. ಚಿತ್ರದ ಜೊತೆ ಮಾತೂ ಇದ್ದಾಗ ಚೆನ್ನಾಗಿ ಅರ್ಥವಾಗುತ್ತೆ ಅಂತ ಔಷಧಿ ಸೂಚನೆಗಳ ಮೇಲಿನ ಹಿಂದಿನ ಅಧ್ಯಯನಗಳೂ ಹೇಳಿದ್ದವು. ಯಾವ ಚಿತ್ರಕ್ಕೆ ಪದ ಬೇಕೇ ಬೇಕು, ಯಾವುದು ಓದು ಬಾರದವರ ಮುಂದೆಯೂ ತಾನೇ ನಿಲ್ಲುತ್ತೆ ಅಂತ ಬಿಡಿಸಿ ಹೇಳಿದ್ದು ನನ್ನ ಪಾಲು.

ಹಳೆಯ ಸ್ಟುಡಿಯೋ ಗೆಳೆಯನಿಗೆ ಥೀಸಿಸ್ ತೋರಿಸಿದೆ. ಪುಟ ತಿರುವಿ ತಿರುವಿ ಆ ಚಿತ್ರದ ಹತ್ತಿರ ನಿಂತ. "ಐದು ವರ್ಷ ಓದಿ, ಕೊನೆಗೆ ಕೆಳಗಡೆ ಬೆಳಿಗ್ಗೆ ಅಂತ ಬರೀರಿ ಅಂದ್ಯಾ ಮಾರಾಯ?" ಅಂದ. ಹೌದು ಅಂದೆ. ಪದವನ್ನು ಯಾವ ಅಳತೆಯಲ್ಲಿ ಬರೆಯಬೇಕು ಅಂತ ಮುಂದಿನ ಅಧ್ಯಾಯದಲ್ಲಿದೆ, ಓದು ಅಂದೆ. ಅವನು ಇನ್ನೂ ಓದಿಲ್ಲ.