ಶಾಲಾ ಬಸ್ಸಿನ ಸಿಬ್ಬಂದಿಗೆ ಭದ್ರತೆಯ ತರಬೇತಿ: ನನ್ನ ಅನುಭವ

ಶಾಲಾ ವಾಹನಗಳ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದ ಮೊದಲ ತಿಂಗಳಲ್ಲೇ ಚಾಲಕರಿಗೂ ಸಹಾಯಕಿಯರಿಗೂ ಭದ್ರತೆಯ ಬಗ್ಗೆ ತರಬೇತಿ ಕೊಡಬೇಕೆಂಬ ಸೂಚನೆ ಬಂತು. ನಾನು ಬಹಳ ಶ್ರದ್ಧೆಯಿಂದ 80 ಸ್ಲೈಡುಗಳನ್ನು ಸಿದ್ಧಪಡಿಸಿದೆ. ಅಪಹರಣ, ಬಾಂಬು, ಶಸ್ತ್ರಧಾರಿಗಳು ಎಲ್ಲವೂ ಅದರಲ್ಲಿದ್ದವು. ಬೆಳಗಿನ ಟ್ರಿಪ್ ಮುಗಿಸಿ ಬಂದಿದ್ದ ಅವರು ಮಧ್ಯಾಹ್ನದವರೆಗೆ ತಾಳ್ಮೆಯಿಂದ ಕೇಳಿಸಿಕೊಂಡು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಸಂಜೆಯ ಟ್ರಿಪ್‌ಗೆ ಹೊರಟುಹೋದರು.

ಒಂದು ವಾರ ಬಿಟ್ಟು, ಕಲಿತದ್ದರಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು, ಒಂದು ಬಸ್ಸಿನ ಕೊನೆಯ ಸೀಟಿನ ಕೆಳಗೆ ಹಳೆಯ ಬ್ಯಾಗೊಂದನ್ನು ಒಳಕ್ಕೆ ತಳ್ಳಿಟ್ಟು ದೂರದಲ್ಲಿ ನಿಂತೆ. ಮಕ್ಕಳೆಲ್ಲ ಇಳಿದ ಮೇಲೆ ಸಹಾಯಕಿ ಅದನ್ನು ಕಂಡರು. ಬಗ್ಗಿ ಎಳೆದರು, ಧೂಳು ಕೊಡವಿದರು, ಮಡಿಲಲ್ಲಿಟ್ಟುಕೊಂಡು ಒಂದೊಂದೇ ಜಿಪ್ಪು ತೆಗೆದು ಹೆಸರು ಬರೆದ ನೋಟ್‌ಪುಸ್ತಕ ಇದೆಯೇ ಎಂದು ಹುಡುಕತೊಡಗಿದರು. ನಾನು ಹತ್ತಿರ ಹೋದಾಗ, "ಯಾವ ಮಗುವಿನದೋ ಸರ್, ಪಾಪ, ಮನೆಗೆ ಹೋದರೆ ಬೈಸಿಕೊಳ್ಳುತ್ತದೆ" ಎಂದರು. ಅವರಿಗೆ ಉತ್ತರ ಕೊಡಲು ನನ್ನಲ್ಲಿ ಮಾತಿರಲಿಲ್ಲ. ಮಕ್ಕಳನ್ನು ಪ್ರೀತಿಸುವ ಯಾರೇ ಆದರೂ ಮಾಡುವ ಕೆಲಸವನ್ನೇ ಅವರು ಮಾಡಿದ್ದರು. ಆ ಒಂದು ದಿನದಲ್ಲಿ ನಾನು ಅವರಿಗೆ ಭಯವನ್ನು ಕಲಿಸಿದ್ದೆನೇ ಹೊರತು, ಅಂಥ ಹೊತ್ತಿನಲ್ಲಿ ಕೈ ಏನು ಮಾಡಬೇಕೆಂಬುದನ್ನು ಕಲಿಸಿರಲಿಲ್ಲ.

ಸ್ಲೈಡುಗಳನ್ನು ಬದಿಗಿಟ್ಟು, ಮುಂದಿನ ಎರಡು ವಾರ ದಿನಕ್ಕೊಂದು ಬಸ್ಸಿನಂತೆ ಬೆಳಗಿನ ಮೊದಲ ನಿಲ್ದಾಣದಿಂದ ಸಂಜೆಯ ಕೊನೆಯ ನಿಲ್ದಾಣದವರೆಗೆ ಅವರೊಂದಿಗೇ ಪ್ರಯಾಣ ಮಾಡಿದೆ. ಯಾವ ನಿಲ್ದಾಣದಲ್ಲಿ ಯಾರು ನಿಂತಿರುತ್ತಾರೆ, ಯಾವ ತಿರುವಿನಲ್ಲಿ ಯಾವ ವಾಹನ ದಿನವೂ ನಿಂತಿರುತ್ತದೆ, ಯಾವ ಮಗು ಯಾವ ಸೀಟಿಗಾಗಿ ಜಗಳವಾಡುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಅನುಮಾನಾಸ್ಪದವಾದುದನ್ನು ಗುರುತಿಸುವ ವಿದ್ಯೆಯೆಂದರೆ ಬಹುಪಾಲು ಇದೇ. ದಿನದ ಸಹಜ ಸ್ಥಿತಿಯನ್ನು ಬಲ್ಲವರಿಗೆ ಮಾತ್ರ ಅದರಿಂದ ಆಚೆಗಿನದು ಕಣ್ಣಿಗೆ ಬೀಳುತ್ತದೆ, ಮತ್ತು ಆ ತಿಳಿವಳಿಕೆ ನನಗಿಂತ ಅವರಲ್ಲಿ ಎಷ್ಟೋ ಪಾಲು ಹೆಚ್ಚಿತ್ತು. ಹಾಗಾದರೆ ಕಂಡದ್ದನ್ನು ಅವರು ಹೇಳುತ್ತಿರಲಿಲ್ಲವೇಕೆ ಎಂಬ ಪ್ರಶ್ನೆಗೆ ಒಬ್ಬ ಹಿರಿಯ ಚಾಲಕರು ಸ್ಟೀರಿಂಗ್ ಬಿಡದೆಯೇ ಉತ್ತರಿಸಿದರು: "ಒಂದು ಸಲ ಹೇಳಿದ್ದೆ. ನಿನಗ್ಯಾಕೆ ಇಲ್ಲದ ಉಸಾಬರಿ, ಬಸ್ಸು ತಡವಾಗುತ್ತದೆ, ನಡಿ ಎಂದರು." ಮುಂದೆ ನಾನು ಮಾಡಿದ ಎಲ್ಲ ಬದಲಾವಣೆಗಳೂ ಈ ಮಾತಿನಿಂದಲೇ ಹೊರಟವು.

ಮೊದಲು ಬ್ಯಾಗಿನ ವಿಷಯ. ಬ್ರಿಟನ್ನಿನ ರೈಲ್ವೆಯಲ್ಲಿ, ಮರೆತುಹೋದ ಸಾಮಾನನ್ನೂ ಅಪಾಯದ ವಸ್ತುವನ್ನೂ ಬೇರ್ಪಡಿಸಲು ಮೂರು ಪ್ರಶ್ನೆಗಳ ಕ್ರಮವೊಂದು ಬಹುಕಾಲದಿಂದ ಬಳಕೆಯಲ್ಲಿದೆ. ವಸ್ತುವನ್ನು ಬೇಕೆಂದೇ ಬಚ್ಚಿಟ್ಟಂತಿದೆಯೇ? ತಂತಿ, ಬ್ಯಾಟರಿ, ಸೋರುವ ದ್ರವ, ಅತಿಯಾಗಿ ಸುತ್ತಿದ ಟೇಪು ಇಂಥವು ಎದ್ದು ಕಾಣುತ್ತಿವೆಯೇ? ಆ ಜಾಗದಲ್ಲಿ ಸಾಮಾನ್ಯವಾಗಿ ಇರದಂಥ ವಸ್ತುವೇ? ಶಾಲಾ ಬಸ್ಸಿನಲ್ಲಿ ಉಳಿಯುವ ಬ್ಯಾಗು, ನೀರಿನ ಬಾಟಲಿ, ಸ್ವೆಟರು ಇವೆಲ್ಲ ಈ ಪ್ರಶ್ನೆಗಳನ್ನು ದಾಟಿ ಬರುತ್ತವೆ. ಆದ್ದರಿಂದ ಪ್ರತಿ ಬ್ಯಾಗಿಗೂ ಹೆದರಬೇಕಾಗಿಲ್ಲ, ಆದರೆ ಮುಟ್ಟುವ ಮೊದಲು ಈ ಮೂರನ್ನು ಕೇಳಿಕೊಳ್ಳಲೇಬೇಕು. ಇದನ್ನು ನಾನು ಅವರಿಗೆ "ಮೊದಲು ಕಣ್ಣು, ಆಮೇಲೆ ಬಾಯಿ, ಕೈ ಕೊನೆಗೆ" ಎಂದು ಹೇಳಿಕೊಟ್ಟೆ. ನೋಡಬೇಕು, ಆ ಸೀಟಿನಲ್ಲಿ ಯಾರು ಕುಳಿತಿದ್ದರೆಂದು ವಿಚಾರಿಸಬೇಕು, ಅನುಮಾನ ತೀರಿದ ಮೇಲಷ್ಟೇ ಎತ್ತಿಕೊಳ್ಳಬೇಕು. ಅನುಮಾನ ಉಳಿದರೆ ಮುಟ್ಟದೆ, ಮಕ್ಕಳನ್ನು ದೂರಕ್ಕೆ ಕರೆದೊಯ್ಯಬೇಕು. ಬ್ರಿಟನ್ನಿನ ಮಾರ್ಗಸೂಚಿಯ ಪ್ರಕಾರ ಸಣ್ಣ ಬ್ಯಾಗಿನಿಂದ ಕನಿಷ್ಠ 100 ಮೀಟರ್, ಸೂಟ್‌ಕೇಸ್ ಅಥವಾ ಕಾರಿನಿಂದ 200 ಮೀಟರ್, ವ್ಯಾನು ಅಥವಾ ಲಾರಿಯಿಂದ 400 ಮೀಟರ್ ದೂರವಿರಬೇಕು, ಮತ್ತು ವಸ್ತುವಿನಿಂದ 15 ಮೀಟರಿನೊಳಗೆ ಮೊಬೈಲನ್ನಾಗಲಿ ವೈರ್‌ಲೆಸ್ಸನ್ನಾಗಲಿ ಬಳಸಬಾರದು. ಅಂಕಿಗಳನ್ನು ಬಾಯಲ್ಲಿ ಹೇಳಿದರೆ ಸಾಲದೆಂದು, ಮೈದಾನದಲ್ಲಿ ಎಲ್ಲರೂ 100 ಮೀಟರ್ ನಡೆದು ತಿರುಗಿ ಬಸ್ಸನ್ನು ನೋಡುವಂತೆ ಮಾಡಿದೆ. "ಇಷ್ಟು ದೂರವೇ?" ಎಂಬ ಆಶ್ಚರ್ಯ ಎಲ್ಲರ ಮುಖದಲ್ಲೂ ಇತ್ತು.

ವಾಹನದ ತಪಾಸಣೆಗೆ ಭರ್ತಿ ಮಾಡಬೇಕಾದ ಹೊಸ ನಮೂನೆಯನ್ನು ನಾನು ತರಲಿಲ್ಲ. ಬೆಳಿಗ್ಗೆ ಟಯರು, ಬ್ರೇಕು, ದೀಪ, ಆಯಿಲ್ ನೋಡುತ್ತ ಬಸ್ಸನ್ನು ಒಂದು ಸುತ್ತು ಹಾಕುವ ರೂಢಿ ಚಾಲಕರಿಗಿತ್ತು. ಅದೇ ಸುತ್ತಿನಲ್ಲಿ ಬಸ್ಸಿನ ತಳ, ಬ್ಯಾಟರಿ ಪೆಟ್ಟಿಗೆಯ ಮುಚ್ಚಳ, ತುರ್ತು ಬಾಗಿಲು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮತ್ತು ಸೀಟುಗಳ ಅಡಿಭಾಗವನ್ನು ಸೇರಿಸಿದೆವು. ಟ್ರಿಪ್ ಮುಗಿದ ಮೇಲೆ ಕೊನೆಯ ಸೀಟಿನವರೆಗೆ ನಡೆದುಹೋಗುವುದು ಕಡ್ಡಾಯವಾಯಿತು, ಏಕೆಂದರೆ ಒಂದೇ ನಡಿಗೆಯಲ್ಲಿ ಉಳಿದುಹೋದ ವಸ್ತುವೂ ಸಿಗುತ್ತದೆ, ನಿದ್ದೆಹೋದ ಮಗುವೂ ಸಿಗುತ್ತದೆ. ಎಂಜಿನ್ ನಿಲ್ಲಿಸಿದ ಬಳಿಕ ಚಾಲಕನು ಹಿಂಬದಿಯವರೆಗೆ ಹೋಗಿ ಗುಂಡಿ ಒತ್ತದಿದ್ದರೆ ಅಲಾರಾಂ ಬಾರಿಸುವ ಸಾಧನವನ್ನು ಮಕ್ಕಳ ವಾಹನಗಳಲ್ಲಿ ದಕ್ಷಿಣ ಕೊರಿಯಾ 2019ರಲ್ಲಿ ಕಡ್ಡಾಯಗೊಳಿಸಿತು. ಸಾಧನವಿಲ್ಲದ ಕಡೆ ಆ ಕೆಲಸವನ್ನು ಕಾಲುಗಳೇ ಮಾಡಬೇಕು.

ಎಲ್ಲಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡದ್ದು ಮಗುವನ್ನು ಒಪ್ಪಿಸುವ ಕೆಲಸದ ಅಭ್ಯಾಸ. ನಿಂತ ಬಸ್ಸಿನ ಮೆಟ್ಟಿಲ ಬಳಿ ನಾನೇ ಮಗುವಿನ ಚಿಕ್ಕಪ್ಪನಾಗಿ ನಿಂತೆ. ಮೊದಲು ನಯವಾಗಿ ಕೇಳಿದೆ, ಆಮೇಲೆ ಅವಸರ ಮಾಡಿದೆ, ಕೊನೆಗೆ "ನಾನು ಯಾರೆಂದು ಗೊತ್ತೇ, ನಾಳೆಯೇ ನಿನ್ನ ಕೆಲಸ ಹೋಗುತ್ತದೆ" ಎಂದು ಗದರಿದೆ. ಮೊದಲ ಸುತ್ತಿನಲ್ಲಿ ಹೆಚ್ಚಿನವರು ಗದರಿಕೆಗೆ ಸೋತು ದಾರಿ ಬಿಟ್ಟರು. ಅವರು ಸೋತದ್ದಕ್ಕೆ ಕಾರಣ ಅಜ್ಞಾನವಾಗಿರಲಿಲ್ಲ. ಮಗುವನ್ನು ಕರೆದೊಯ್ಯಬಹುದಾದವರ ಪಟ್ಟಿಯಲ್ಲಿ ನನ್ನ ಹೆಸರಿಲ್ಲವೆಂಬುದು ಅವರಿಗೆ ಗೊತ್ತೇ ಇತ್ತು. ಎದುರು ನಿಂತು ಹೇಳಬಹುದಾದ ಮಾತೊಂದು ಅವರ ಬಳಿ ಇರಲಿಲ್ಲ. ಹಾಗಾಗಿ ಎಲ್ಲರೂ ಕೂಡಿ ಒಂದು ವಾಕ್ಯವನ್ನು ಸಿದ್ಧಪಡಿಸಿದೆವು: "ಕ್ಷಮಿಸಿ, ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಮಗುವನ್ನು ಒಪ್ಪಿಸುವ ಅಧಿಕಾರ ನನಗಿಲ್ಲ, ಈಗಲೇ ಶಾಲೆಗೆ ಕರೆ ಮಾಡುತ್ತೇನೆ." ಕರೆ ಮಾಡುವವರೆಗೆ ಮಗು ಬಸ್ಸಿನೊಳಗೇ ಇರಬೇಕು, ಬಾಗಿಲು ಮುಚ್ಚಿರಬೇಕು. ಮಗು ಆ ವ್ಯಕ್ತಿಯನ್ನು ಗುರುತಿಸಿ ಕೈಬೀಸಿದರೂ ನಿಯಮ ಸಡಿಲವಾಗದು, ಏಕೆಂದರೆ ಮಗುವಿಗೆ ಪರಿಚಯವಿರುವವರೆಲ್ಲರಿಗೂ ಮಗುವನ್ನು ಕರೆದೊಯ್ಯುವ ಹಕ್ಕಿರುವುದಿಲ್ಲ. ಇದರಿಂದಾಗುವ ತಡಕ್ಕೆ ಸಿಬ್ಬಂದಿಯನ್ನು ಯಾರೂ ಪ್ರಶ್ನಿಸುವುದಿಲ್ಲವೆಂದು ಶಾಲೆಯ ಮುಖ್ಯಸ್ಥರಿಂದ ಬರವಣಿಗೆಯಲ್ಲಿ ಪಡೆದು, ಅದರ ಪ್ರತಿಯನ್ನು ಪ್ರತಿ ಬಸ್ಸಿನಲ್ಲೂ ಇಟ್ಟೆ. ಆ ಕಾಗದ ಇರದಿದ್ದರೆ ವಾಕ್ಯಕ್ಕೆ ಬಲ ಬರುತ್ತಿರಲಿಲ್ಲ.

ನಿಜವಾಗಿ ನಡೆದ ಘಟನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ. 1976ರ ಜುಲೈ 15ರಂದು ಕ್ಯಾಲಿಫೋರ್ನಿಯಾದ ಚೌಚಿಲ್ಲಾ ಎಂಬಲ್ಲಿ ದಾರಿಗೆ ಅಡ್ಡ ನಿಂತ ವ್ಯಾನೊಂದನ್ನು ಕಂಡು ಚಾಲಕ ಎಡ್ ರೇ ಬಸ್ಸು ನಿಲ್ಲಿಸಿದರು. ಶಸ್ತ್ರಧಾರಿಗಳು ಅವರನ್ನೂ 26 ಮಕ್ಕಳನ್ನೂ ಅಪಹರಿಸಿ, ಕಲ್ಲುಗಣಿಯೊಂದರಲ್ಲಿ ಹೂತಿಟ್ಟ ಟ್ರಕ್ಕಿನ ಪೆಟ್ಟಿಗೆಯೊಳಗೆ ಇಳಿಸಿದರು. ಸುಮಾರು 16 ಗಂಟೆಗಳ ನಂತರ ಚಾಲಕರೂ ದೊಡ್ಡ ಮಕ್ಕಳೂ ಹಾಸಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲಿನ ಮುಚ್ಚಳವನ್ನು ಸರಿಸಿ ಎಲ್ಲರನ್ನೂ ಹೊರತಂದರು. ಇದನ್ನು ಹೇಳಿದ ಮೇಲೆ, ದಾರಿಗೆ ಅಡ್ಡವಾಗಿ ವಾಹನ ಕಂಡರೆ ಎಷ್ಟು ದೂರದಲ್ಲಿ ನಿಲ್ಲಿಸಬೇಕು, ಹಿಂದೆ ಸರಿಯಲು ಜಾಗ ಉಳಿದಿದೆಯೇ, ಬಾಗಿಲು ತೆರೆಯದೆಯೇ ಯಾರಿಗೆ ಕರೆ ಮಾಡಬೇಕು ಎಂಬುದನ್ನು ಪ್ರತಿಯೊಬ್ಬ ಚಾಲಕರೂ ತಮ್ಮ ಮಾರ್ಗದ ಮೂರು ಜಾಗಗಳನ್ನು ಹೆಸರಿಸಿ ವಿವರಿಸುತ್ತಾರೆ.

ಎರಡನೆಯದು ಹೆಚ್ಚು ಕಷ್ಟದ್ದು. 2019ರ ಮಾರ್ಚ್ 20ರಂದು ಇಟಲಿಯ ಮಿಲಾನ್ ಬಳಿ 51 ಮಕ್ಕಳಿದ್ದ ಬಸ್ಸನ್ನು ಅದರ ಚಾಲಕನೇ ವಶಪಡಿಸಿಕೊಂಡು ಬೆಂಕಿ ಹಚ್ಚಿದ. ಮಕ್ಕಳು ಫೋನಿನಲ್ಲಿ ಸುದ್ದಿ ಮುಟ್ಟಿಸಿದ್ದರಿಂದ ಪೊಲೀಸರು ಸಮಯಕ್ಕೆ ತಲುಪಿ, ಹಿಂದಿನ ಕಿಟಕಿಗಳನ್ನು ಒಡೆದು ಎಲ್ಲರನ್ನೂ ಉಳಿಸಿದರು. ನಾನು ಇದನ್ನು ಮೊದಲ ಸಲ ಹೇಳಿದಾಗ ಕೋಣೆಯಲ್ಲಿ ಮೌನ ಕವಿಯಿತು. ಒಬ್ಬರು ಎದ್ದು, "ನಮ್ಮನ್ನೇ ಅನುಮಾನಿಸುತ್ತೀರಾ ಸರ್?" ಎಂದು ಕೇಳಿದರು. ಅವರ ನೋವು ನ್ಯಾಯವಾದದ್ದೇ ಆಗಿತ್ತು. ಅಂದಿನಿಂದ ನಾನು ಈ ಭಾಗವನ್ನು ಬೇರೆ ರೀತಿಯಲ್ಲಿ ಆರಂಭಿಸುತ್ತೇನೆ. ಪೂರ್ವಾಪರ ಪರಿಶೀಲನೆ ನನ್ನಿಂದ ಮೊದಲ್ಗೊಂಡು ಎಲ್ಲರಿಗೂ ಒಂದೇ ಎಂದು ನನ್ನ ದಾಖಲೆಗಳನ್ನೇ ಮುಂದಿಡುತ್ತೇನೆ. ಜೊತೆಗೆ, ಜೊತೆಗಾರನೊಬ್ಬ ಇದ್ದಕ್ಕಿದ್ದಂತೆ ಬದಲಾದರೆ, ಮಾತು ಬಿಟ್ಟರೆ, ಹತಾಶೆಯ ಮಾತಾಡಿದರೆ ಅದನ್ನು ತಿಳಿಸುವುದು ಚಾಡಿಯಲ್ಲ, ಅವನಿಗೂ ನೆರವು ಸಿಗುವ ದಾರಿ ಎಂದು ವಿವರಿಸುತ್ತೇನೆ. ಈ ಮಾತನ್ನು ಅವಸರದಲ್ಲಿ ಹೇಳಿ ಮುಗಿಸುವುದಾದರೆ ಹೇಳದಿರುವುದೇ ಲೇಸು.

ವರದಿಯ ವಿಷಯದಲ್ಲಿ ನಾವು ಮಾಡಿದ್ದು ಇಷ್ಟೇ: ಪ್ರತಿ ಬಸ್ಸಿಗೆ ಒಂದು ಚಿಕ್ಕ ಪುಸ್ತಕ, ಅದರಲ್ಲಿ ಏನು ಕಂಡಿತು, ಎಲ್ಲಿ, ಯಾವಾಗ, ವಾಹನವಾದರೆ ಸಂಖ್ಯೆ ಮತ್ತು ಬಣ್ಣ, ವ್ಯಕ್ತಿಯಾದರೆ ಆತನ ವರ್ತನೆ. ವ್ಯಕ್ತಿಯ ರೂಪ, ಬಟ್ಟೆ, ಭಾಷೆ ಅನುಮಾನಕ್ಕೆ ಕಾರಣವಾಗಬಾರದು, ಮಾಡುತ್ತಿರುವ ಕೆಲಸ ಮಾತ್ರ ಕಾರಣವಾಗಬೇಕು ಎಂಬುದನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆಸಿದ್ದೇನೆ. ಅಪಾಯ ಕಣ್ಣೆದುರಿಗೇ ಇದ್ದರೆ ಪುಸ್ತಕಕ್ಕೆ ಕಾಯದೆ ನೇರವಾಗಿ ಪೊಲೀಸರಿಗೆ ಕರೆ ಹೋಗಬೇಕು.

ಮೂರು ವಾರ ಎಲ್ಲ ಪುಸ್ತಕಗಳೂ ಖಾಲಿಯಾಗಿದ್ದವು. ನಾಲ್ಕನೆಯ ವಾರ, ಅಂದು ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ತೆರೆದಿದ್ದ ಅದೇ ಸಹಾಯಕಿ ಮೂರು ಸಾಲು ಬರೆದಿದ್ದರು: ಬೂದು ಬಣ್ಣದ ಕಾರು, ಎರಡು ದಿನ ಒಂದೇ ನಿಲ್ದಾಣದ ಬಳಿ, ಒಳಗಿದ್ದವರು ಮಕ್ಕಳು ಹತ್ತುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದರು. ಕೆಳಗೆ ಕಾರಿನ ಸಂಖ್ಯೆಯಿತ್ತು. ವಿಚಾರಿಸಿದಾಗ, ಹೊಸದಾಗಿ ಸೇರಿದ ಮಗುವೊಂದರ ತಂದೆ ಮನೆಯವರಿಗೆ ತೋರಿಸಲು ಹಾಗೆ ಮಾಡುತ್ತಿದ್ದರೆಂದು ತಿಳಿಯಿತು. ಮುಂದಿನ ಸಭೆಯಲ್ಲಿ ಆ ಮೂರು ಸಾಲನ್ನು ಎಲ್ಲರೆದುರು ಓದಿ, ವರದಿ ಹೀಗಿರಬೇಕೆಂದು ಹೇಳಿ ಅವರಿಗೆ ಕೃತಜ್ಞತೆ ಸಲ್ಲಿಸಿದೆ. ಅಂದು ಸಂಜೆ ಆ ಹಿರಿಯ ಚಾಲಕರು ತಮ್ಮ ಬಸ್ಸಿನ ಪುಸ್ತಕವನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಅದರಲ್ಲಿ ಎರಡು ಪುಟ ತುಂಬಿತ್ತು.